ಗೇಣು ದೂರ

ಬುಟ್ಟಿಯಲ್ಲಿ ಚೆಂಡುಗಳು ಮುಗಿಯುತ್ತ ಬಂದಹಾಗೆ ಅವನಿಗೆ ಯಾವಾಗಲೂ ಒಂದು ಸಣ್ಣ ದಿಗಿಲು ಹತ್ತಿಕೊಳ್ಳುತ್ತಿತ್ತು. ಇನ್ನೊಂದು ಬುಟ್ಟಿ ತುಂಬಿಸಿಕೊಂಡು ಬರುವುದೋ, ಚೀಲ ಹೆಗಲಿಗೇರಿಸಿ ಮನೆಗೆ ಹೋಗುವುದೋ. ಮನೆಗೆ ಹೋದರೆ ಹೆಂಡತಿ ಇರುತ್ತಾಳೆ, ಹೆಂಡತಿಯ ಜೊತೆ ಆ ಪ್ರಶ್ನೆಯೂ ಇರುತ್ತದೆ. ಅವಳು ಅದನ್ನು ಕೇಳಿದ್ದು ಒಂದೇ ಸಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಆಫೀಸಿನ ಬಟ್ಟೆಯನ್ನೂ ಬದಲಿಸದೆ, "ನನ್ನನ್ನ ಅಲ್ಲಿಯ ಶಾಖೆಗೆ ಮುಖ್ಯಸ್ಥೆ ಮಾಡಿ ಕಳಿಸ್ತಿದಾರೆ. ನೀವು ಬರ್ತೀರಾ?" ಎಂದಿದ್ದಳು. ಅಲ್ಲಿ ಎಂದರೆ ರೈಲಿನಲ್ಲಿ ಇಡೀ ಒಂದು ಹಗಲು ತಿನ್ನುವಷ್ಟು ದೂರದ ಊರು. ಅವನು ಆಗ ತಟ್ಟೆ ಒರೆಸುತ್ತಿದ್ದ. "ನೋಡೋಣ" ಅಂದಿದ್ದ. ಅಂದ ಕೂಡಲೇ ಆ ಮಾತು ಸರಿಯಾಗಿ ಬೀಳಲಿಲ್ಲ ಅನ್ನಿಸಿ, ಅದನ್ನು ಹಿಂದಕ್ಕೆ ತೆಗೆದುಕೊಂಡು ಇನ್ನೊಂದು ಸಲ ಹೇಳಬೇಕೆನಿಸಿತ್ತು. ಆದರೆ ಅವಳು ಅಷ್ಟರಲ್ಲಿ ಒಳಗೆ ಹೋಗಿ ಕಪಾಟಿನ ಬಾಗಿಲು ತೆಗೆದ ಸದ್ದಾಗಿತ್ತು. ಇಲ್ಲಿ ಹಾಗಲ್ಲ. ಇಲ್ಲಿ, ಗಾಲ್ಫ್ ಅಭ್ಯಾಸದ ಬಯಲಿನ ಅಂಚಿಗೆ ಹಾಸಿದ ರಬ್ಬರಿನ ಚಾಪೆಯ ಮೇಲೆ ನಿಂತು ಒಂದು ಹೊಡೆತ ಕೆಟ್ಟರೆ ಕೋಲಿನ ತುದಿಯಿಂದ ಇನ್ನೊಂದು ಚೆಂಡನ್ನು ಎಳೆದುಕೊಂಡರಾಯಿತು. ಕೆಟ್ಟದ್ದೂ ಚೆನ್ನಾದದ್ದೂ ಆ ಬಯಲಿನಲ್ಲಿ ಬಿದ್ದ ನೂರಾರು ಬಿಳಿ ಚುಕ್ಕೆಗಳಲ್ಲಿ ಸೇರಿಹೋಗಿ, ಯಾವುದು ತನ್ನದು ಎಂದು ಅವನಿಗೇ ಗೊತ್ತಾಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಈ ಆಟ ಕಲಿಯಲು ಸೇರಿದ್ದರು. ಯಾರ ಐಡಿಯಾ ಅದು ಎಂದು ಈಗ ಇಬ್ಬರಿಗೂ ನೆನಪಿಲ್ಲ. ಅವಳು ಎರಡನೆಯ ತಿಂಗಳಿಗೇ ಚಾಪೆಯ ಮೇಲೆ ನಿಂತು ಬೇಸತ್ತು, "ಇದೇನ್ರೀ, ಅಕ್ಕಿ ಆರಿಸಿದ ಹಾಗೆ" ಎಂದು ನಿಜವಾದ ಆಟದ ಬಯಲಿಗೆ, ಕೋರ್ಸಿಗೆ, ಹೋಗಿ ಆಡತೊಡಗಿದಳು. ಪ್ರತಿ ಭಾನುವಾರ ಬಿಸಿಲಲ್ಲಿ ಕೆಂಪಗೆ ಸುಟ್ಟು, ಪ್ಯಾಂಟಿನ ಅಂಚಿಗೆ ಹುಲ್ಲುಬೀಜ ಮೆತ್ತಿಕೊಂಡು ಮನೆಗೆ ಬರುತ್ತಿದ್ದಳು. ಅವಳ ಹೊಡೆತ ನೋಡಲು ಚೆನ್ನಾಗಿರಲಿಲ್ಲ, ಬಾವಿಯಿಂದ ಕೊಡ ಎಳೆದು ಪಕ್ಕಕ್ಕೆ ಇಟ್ಟಂತಿತ್ತು. ಅವನದೋ, ಹಿಂದಿನ ಚಾಪೆಯವರು ತಮ್ಮ ಆಟ ನಿಲ್ಲಿಸಿ ನೋಡುವ ಹಾಗಿತ್ತು. ಆದರೆ ಅವನು ಕೋರ್ಸಿಗೆ ಹೋದದ್ದು ಮೂರೋ ನಾಲ್ಕೋ ಸಲ. ಹೋದಾಗಲೆಲ್ಲ ಕಲಿತದ್ದೆಲ್ಲವೂ ಮೊದಲ ಕುಳಿಯಲ್ಲೇ ಕೈಕೊಟ್ಟಿತ್ತು. ನೆಲ ಅಲ್ಲಿ ಸಮವಾಗಿರುವುದಿಲ್ಲ, ಹುಲ್ಲು ಚಾಪೆಯಂತೆ ಇರುವುದಿಲ್ಲ, ಹಿಂದೆ ನಿಂತವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಚೆಂಡು ಒಂದೇ. ಅದು ಎಲ್ಲಿ ಬಿತ್ತೋ ಅಲ್ಲಿಗೆ ನಡೆದುಕೊಂಡು ಹೋಗಬೇಕು.

"ಸಾರ್, ಎಷ್ಟು ದಿನ ಅಂತ ಇಲ್ಲೇ ನಿಂತಿರ್ತೀರಿ?" ಎಂದು ಕೋಚ್ ಕೇಳುತ್ತಲೇ ಇದ್ದ. ಕುತ್ತಿಗೆಯ ಹಿಂಭಾಗ ಬಿಸಿಲಿಗೆ ಒಣಗಿದ ತೊಗಲಿನಂತಾಗಿದ್ದ, ಮೃದುವಾಗಿ ಮಾತಾಡುವ ಮನುಷ್ಯ. "ಅಲ್ಲಿ ಒಂದು ರೌಂಡ್ ಆಡಿ. ಏನು ಕೆಡ್ತೋ ಅದನ್ನ ಮಾತ್ರ ಇಲ್ಲಿ ಬಂದು ರಿಪೇರಿ ಮಾಡಿ. ಮತ್ತೆ ಅಲ್ಲಿಗೆ ಹೋಗಿ. ನೀವು ಕೆಡೋದಕ್ಕೆ ಮುಂಚೆನೇ ರಿಪೇರಿ ಮಾಡ್ತಾ ಕೂತಿದೀರಿ." "ಇನ್ನೂ ತಯಾರಾಗಿಲ್ಲ ಅನ್ಸುತ್ತೆ" ಎಂದ ಅವನು. "ಮೇಡಂ ನೋಡಿ, ಅವರು ಇತ್ತ ತಲೆನೇ ಹಾಕಲ್ಲ. ಅದೂ ತಪ್ಪು. ನಿಮ್ಮಿಬ್ಬರನ್ನೂ ಒಟ್ಟಿಗೆ ರುಬ್ಬಿ ಒಂದು ಉಂಡೆ ಮಾಡಿದ್ರೆ ಒಬ್ಬ ಒಳ್ಳೇ ಆಟಗಾರ ಆಗ್ತಾನೆ" ಎಂದು ಕೋಚ್ ನಕ್ಕಿದ್ದ. ಅವನೂ ನಕ್ಕಿದ್ದ. ರುಬ್ಬಿದ ಉಂಡೆಯಲ್ಲಿ ತನ್ನ ಪಾಲು ಎಷ್ಟಿರುತ್ತದೆ ಎಂಬ ಯೋಚನೆ ಮಾತ್ರ ಆ ದಿನವಿಡೀ ಬಿಡಲಿಲ್ಲ.

ಅವನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ನೆಲಮಾಳಿಗೆಯ ಕೊನೆಯ ಕೋಣೆ. ತಣ್ಣಗಿನ ಮೇಜು, ಗೋಡೆಗೆ ನೇತುಹಾಕಿದ ಸೀಸದ ಏಪ್ರನ್, ಗಾಜಿನ ಕಿಂಡಿಯ ಹಿಂದೆ ಅವನ ಜಾಗ. ಉಸಿರು ಬಿಗಿಹಿಡೀರಿ, ಅಲುಗಾಡಬೇಡಿ, ಹ್ಞಾಂ, ಬಿಡಿ. ಈ ಮಾತುಗಳನ್ನು ಅವನು ನಿದ್ದೆಯಲ್ಲೂ ಅನ್ನುತ್ತಾನೆಂದು ಹೆಂಡತಿ ಹೇಳುತ್ತಿದ್ದಳು. ಚಿತ್ರ ಪರದೆಯ ಮೇಲೆ ಮೂಡಿದ ಗಳಿಗೆಯಲ್ಲೇ ಅವನಿಗೆ ಬಹಳಷ್ಟು ತಿಳಿಯುತ್ತಿತ್ತು. ಇರಬಾರದ ಕಡೆ ಇರುವ ನೆರಳು, ಕೂದಲೆಳೆಯಷ್ಟು ಸಣ್ಣ ಬಿರುಕು. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ರೋಗಿಗಳು ಕೇಳಿಯೇ ಕೇಳುತ್ತಿದ್ದರು: "ಏನಾದ್ರೂ ಇದೆಯಾ?" "ಡಾಕ್ಟರ್ ಹೇಳ್ತಾರೆ." ಹೇಳುವುದು ಅವನ ಕೆಲಸವಲ್ಲ, ಹೇಳುವಂತೆಯೂ ಇಲ್ಲ. ಆದರೂ ಅವರು ಅವನ ಮುಖ ನೋಡುತ್ತಿದ್ದರು. ಅವನು ಮುಖವನ್ನು ಗೋಡೆಯಂತೆ ಇಟ್ಟುಕೊಳ್ಳುವುದನ್ನು ಕಲಿತ. ಎಷ್ಟು ಚೆನ್ನಾಗಿ ಕಲಿತನೆಂದರೆ, ಒಂದು ಸಂಜೆ ಕನ್ನಡಿಯಲ್ಲಿ ಹಲ್ಲುಜ್ಜಿಕೊಳ್ಳುತ್ತಿದ್ದ ತನ್ನನ್ನು ತಾನೇ ಕಂಡು, ಇವನಿಗೆ ಏನೋ ಗೊತ್ತಿದೆ, ಹೇಳುತ್ತಿಲ್ಲ ಅಂದುಕೊಂಡ.

ಆ ಶನಿವಾರ ಅವನು ಎರಡನೆಯ ಬುಟ್ಟಿಗೆ ಕೈಹಾಕಿದಾಗ ಹೆಂಡತಿ ಚಾಪೆಗಳ ಹಿಂದಿನ ದಾರಿಯಲ್ಲಿ ನಡೆದು ಬರುತ್ತಿದ್ದಳು. ಅವಳು ಇತ್ತ ಬರುವವಳೇ ಅಲ್ಲ. ಬಂತು, ಈಗ ಇಲ್ಲೇ ಕೇಳುತ್ತಾಳೆ ಅಂದುಕೊಂಡ. ಈ ದಿನಗಳಲ್ಲಿ ಕಟ್ಟಿಟ್ಟುಕೊಂಡಿದ್ದ ಉತ್ತರಗಳೆಲ್ಲ ಒಂದರ ಮೇಲೊಂದು ಮುನ್ನುಗ್ಗಿದವು. ಬರ್ತೀನಿ, ಆದ್ರೆ ಆಸ್ಪತ್ರೆಯವರು ಬಿಡಬೇಕಲ್ಲ. ಬರಲ್ಲ, ಆದ್ರೆ ನೀನು ಹೋಗೋದು ಬೇಡ ಅಂತ ನಾನು ಅಂತಿಲ್ಲ. ಎಲ್ಲದರ ನಡುವೆಯೂ ಒಂದು ಆದ್ರೆ.

ಅವಳು ಕೇಳಿದ್ದು ಬೇರೆ. "ಮೇಷ್ಟ್ರ ಬೆನ್ನು ಹಿಡ್ಕೊಂಡಿದೆ. ಏಳಕ್ಕೇ ಆಗ್ತಿಲ್ವಂತೆ."

ಪಿಟೀಲು ಕಲಿಸುವ ಮೇಷ್ಟ್ರು ಕೋರ್ಸಿನಲ್ಲಿ ಅವಳ ಜೋಡಿ. ಇಬ್ಬರೂ ಸೇರಿ ಈ ವರ್ಷದ ಜೋಡಿ ಪಂದ್ಯದಲ್ಲಿ ಫೈನಲಿನವರೆಗೆ ಬಂದಿದ್ದರು. ಪಂದ್ಯ ಮರುದಿನ ಬೆಳಿಗ್ಗೆ.

"ಬದಲಿಗೆ ಕ್ಲಬ್ಬಿನ ಮೆಂಬರ್ ಯಾರಾದ್ರೂ ಆಗಬಹುದಂತೆ. ನೀವು ಆಡ್ತೀರಾ?"

"ನಾನಾ?"

"ಗೆಲ್ಲಿಸಿ ಅಂತಿಲ್ಲ. ನನ್ನ ಪಕ್ಕ ಒಬ್ಬರು ಇರಬೇಕು ಅಷ್ಟೆ, ಇಲ್ಲದಿದ್ರೆ ಆಡದೇನೇ ಸೋತ ಹಾಗೆ." ಅವಳು ತುಸು ತಡೆದು, "ಹೋಗೋದಕ್ಕೆ ಮುಂಚೆ ಇದೊಂದು ಗೆದ್ದು ಹೋಗಬೇಕು ಅಂತ ಆಸೆ" ಎಂದಳು. ಹೋಗೋದಕ್ಕೆ ಮುಂಚೆ ಎಂಬುದನ್ನು ಅವಳು ಅಷ್ಟು ಸಲೀಸಾಗಿ ಅಂದದ್ದರಿಂದ ಅವನು ತಬ್ಬಿಬ್ಬಾಗಿ ಹ್ಞೂಂ ಅಂದುಬಿಟ್ಟ. ಅವಳು ಹೋದ ಮೇಲೂ ಚಾಪೆಯ ಮೇಲೆ ನಿಂತೇ ಇದ್ದ. ಯಾವುದಕ್ಕೆ ಹ್ಞೂಂ ಅಂದೆ, ಆಟಕ್ಕೋ, ಅವಳು ಹೋಗುವುದಕ್ಕೋ.

ಬೆಳಿಗ್ಗೆ ಮೊದಲ ಕುಳಿಯ ಹತ್ತಿರ ಎದುರಾಳಿಗಳು ಕಾಯುತ್ತಿದ್ದರು. ಹಲ್ಲಿನ ಡಾಕ್ಟರು, ಎಲ್ಲರೂ ಅಕ್ಕ ಎಂದು ಕರೆಯುವ ನರೆಗೂದಲಿನ ಹೆಂಗಸು. ಜೊತೆಗೆ ಅವರ ತಮ್ಮ, ಟೈರ್ ಅಂಗಡಿ ಇಟ್ಟುಕೊಂಡವನು, ದೊಡ್ಡ ಹೊಟ್ಟೆ, ದೊಡ್ಡ ದನಿ. "ಓಹೋ, ಭಾವ ಬಂದ್ರು! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಜಿಗಣೆ, ಇವರನ್ನ?" ಎಂದು ಟೈರಿನವನು ಅವನ ಕೈ ಹಿಡಿದು ಅಲ್ಲಾಡಿಸಿದ. ಜಿಗಣೆ ಎಂದರೆ ಯಾರೆಂದು ಅವನಿಗೆ ತಕ್ಷಣ ಹೊಳೆಯಲಿಲ್ಲ. ಅವನ ಹೆಂಡತಿ ನಗುತ್ತಿದ್ದಳು. ಒಂದು ಕುಳಿಗೆ ಅಂಟಿದರೆ ಬಿಡುವವಳಲ್ಲ ಎಂದು ಅವಳಿಗೆ ಇಟ್ಟ ಹೆಸರಂತೆ. ಮನೆಯಲ್ಲಿ ತಾನು ಹಾಗೆ ಕರೆದಿದ್ದರೆ ವಾರವಿಡೀ ಮಾತು ಬಿಡುತ್ತಿದ್ದಳು. ಇವರೆಲ್ಲರಿಗೂ ಗೊತ್ತಿರುವ ಒಂದು ಹೆಂಗಸು ಇದ್ದಾಳೆ, ಅವಳನ್ನು ಜಿಗಣೆ ಎಂದರೆ ತಲೆ ಹಿಂದಕ್ಕೆ ಹಾಕಿ ನಗುತ್ತಾಳೆ, ಅವಳು ಭಾನುವಾರ ಮಧ್ಯಾಹ್ನ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲೋ ದಾರಿಯಲ್ಲಿ ಇಳಿದುಹೋಗುತ್ತಾಳೆ.

ಪಂದ್ಯದ ಕ್ರಮ ಸರಳ. ನಾಲ್ವರೂ ತಮ್ಮ ತಮ್ಮ ಚೆಂಡನ್ನು ಬಿದ್ದಲ್ಲಿಂದಲೇ ಆಡುತ್ತಾರೆ, ಜೋಡಿಯಲ್ಲಿ ಯಾರು ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಇಳಿಸುತ್ತಾರೋ ಅವರದೇ ಲೆಕ್ಕ. ಯಾವ ಜೋಡಿಯ ಲೆಕ್ಕ ಕಡಿಮೆಯೋ ಆ ಕುಳಿ ಅವರಿಗೆ. ಕೊನೆಗೆ ಹೆಚ್ಚು ಕುಳಿ ಗೆದ್ದವರಿಗೆ ಬಹುಮಾನದ ಕಪ್ಪು. ಹಾಗಾಗಿ ಅವನು ಹೇಗೆ ಆಡಿದರೂ ಹೆಂಡತಿ ಚೆನ್ನಾಗಿ ಆಡಿದರೆ ಸಾಕಿತ್ತು. ಅವನೂ ಅದಕ್ಕೆ ತಕ್ಕ ಹಾಗೆಯೇ ಆಡಿದ. ಮೊದಲ ಚೆಂಡು ಚಪ್ಪಲಿ ಎಸೆದಷ್ಟು ದೂರ ಉರುಳಿತು. ಎರಡನೆಯ ಕುಳಿಯಲ್ಲಿ ಚೆಂಡಿನ ಬದಲು ಮಣ್ಣಿನ ಹೆಂಟೆ ಹಾರಿ ಟೈರಿನವನ ಪ್ಯಾಂಟಿನ ಮೇಲೆ ಬಿತ್ತು. "ಪರವಾಗಿಲ್ಲ ಭಾವ, ಹೊಲ ಇದ್ದಿದ್ರೆ ಬಿತ್ತಬಹುದಿತ್ತು" ಎಂದ ಆತ. ಎಲ್ಲರೂ ನಕ್ಕರು, ಹೆಂಡತಿಯೂ. ಅವಳು ಹತ್ತಿರ ಬಂದು ಮೆಲ್ಲಗೆ, "ತಲೆ ಕೆಡಿಸ್ಕೋಬೇಡಿ, ನಾನಿದೀನಿ" ಎಂದಳು. ಆ ಮಾತು ಸಮಾಧಾನಕ್ಕೆಂದೇ ಬಂದದ್ದು. ಅದು ಏಕೆ ಎದೆಯಲ್ಲಿ ಮುಳ್ಳಿನಂತೆ ಕೂತಿತೋ. ಅವಳ ಬೆನ್ನ ಹಿಂದೆ ಚೀಲ ಎಳೆಯುತ್ತ ನಡೆದ. ಅವಳು ಚೆಂಡಿನ ಮುಂದೆ ನಿಂತು, ಗಾಳಿ ಎತ್ತ ಬೀಸುತ್ತಿದೆಯೆಂದು ಒಂದು ಹುಲ್ಲೆಸಳು ಹಾರಿಸಿ, ಒಂದು ಗಳಿಗೆಯೂ ಕಾಯದೆ ಆ ಕೊಡ ಎಳೆಯುವ ಹೊಡೆತ ಹೊಡೆಯುತ್ತಿದ್ದಳು. ಚೆಂಡು ಸೊಟ್ಟಗೆ ಹೋಗುತ್ತಿತ್ತು, ಆದರೆ ಎತ್ತ ಸೊಟ್ಟಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಕೆಟ್ಟ ಜಾಗದಲ್ಲಿ ಬಿದ್ದರೂ ಬೇಜಾರು ಮಾಡಿಕೊಳ್ಳದೆ ಅಲ್ಲಿಂದಲೇ ಮುಂದಕ್ಕೆ ಹೊಡೆಯುತ್ತಿದ್ದಳು. ಇಷ್ಟು ವರ್ಷ ಇವಳು ತನ್ನ ಜೊತೆಯೂ ಹೀಗೆಯೇ ಬದುಕಿದಳೇ, ಬಿದ್ದಲ್ಲಿಂದ ಮುಂದಕ್ಕೆ?

ಕೆರೆಯ ಪಕ್ಕದ ಕುಳಿಗೆ ಬರುವ ಹೊತ್ತಿಗೆ ಎರಡೂ ಜೋಡಿ ಸಮಸಮ. ಅದು ಬಿಟ್ಟರೆ ಇನ್ನೆರಡೇ ಉಳಿದಿದ್ದವು. ಅಲ್ಲಲ್ಲಿ ನೋಡುವವರು ಸೇರಿಕೊಂಡಿದ್ದರು, ಕೋಚೂ ಬಂದು ನಿಂತಿದ್ದ. ಹೆಂಡತಿಯ ಚೆಂಡು ಗಾಳಿಗೆ ಸಿಕ್ಕಿ, ದಡ ಮುಟ್ಟಿತು ಅನ್ನುವಷ್ಟರಲ್ಲಿ ಜಾರಿ ನೀರಿಗೆ ಬಿತ್ತು. ಅವಳು ಮೊದಲ ಸಲ ಕೋಲನ್ನು ನೆಲಕ್ಕೆ ಕುಟ್ಟಿದಳು. ಇನ್ನು ಈ ಕುಳಿಯಲ್ಲಿ ಅವಳ ಲೆಕ್ಕ ಉಪಯೋಗಕ್ಕೆ ಬರುವಂತಿರಲಿಲ್ಲ. ಎಲ್ಲರೂ ಅವನತ್ತ ತಿರುಗಿದರು. ಅವನ ಚೆಂಡು ಬಲಗಡೆಯ ಮರಗಳ ಗುಂಪಿನೊಳಗೆ ಹೋಗಿತ್ತು. ಅವನೊಬ್ಬನೇ ಅಲ್ಲಿಗೆ ನಡೆದ. ನೆರಳು ತಂಪಾಗಿತ್ತು, ಒಣಗಿದ ಎಲೆಗಳು ಕಾಲಡಿ ಪುಡಿಯಾಗುತ್ತಿದ್ದವು. ಚೆಂಡು ಒಂದು ದಪ್ಪ ಬೇರಿನ ಸಂದಿಯಲ್ಲಿ ಕೂತಿತ್ತು. ಎದುರಿಗೆ ಎರಡು ಕಾಂಡಗಳ ನಡುವೆ ಒಂದು ಕಿಟಕಿಯಷ್ಟು ಜಾಗ, ಆಚೆ ಬಿಸಿಲಲ್ಲಿ ಕುಳಿಯ ಬಾವುಟ. ಚಾಪೆಯ ಮೇಲಿಂದಾದರೆ ಈ ಹೊಡೆತವನ್ನು ಅವನು ಸಾವಿರ ಸಲ ಹೊಡೆದಿದ್ದ. ಅಡ್ಡಕ್ಕೆ ಆ ಬೇರು ಮಾತ್ರ ಇಲ್ಲದಿದ್ದರೆ.

"ಚೆಂಡು ಹೆಂಗಿದೆ?" ಎಂದು ಹೊರಗಿನಿಂದ ಹೆಂಡತಿ ಕೂಗಿ ಕೇಳಿದಳು.

ಅವನು ಬೂಟಿನ ತುದಿಯಿಂದ ಅದನ್ನು ಈಚೆಗೆ ಸರಿಸಿದ. ಒಂದು ಗೇಣು ದೂರ, ಅಷ್ಟೆ. ಸರಿಸಬೇಕೆಂದು ಯೋಚಿಸಿದ್ದು ನೆನಪಿಲ್ಲ, ಸರಿಸಿದ ಮೇಲೆ ಬೂಟನ್ನು ನೋಡಿದ್ದು ನೆನಪಿದೆ. ಚೆಂಡು ಈಗ ಒತ್ತಾದ ಹುಲ್ಲಿನ ಮೇಲೆ, ಚಾಪೆಯ ಮೇಲಿದ್ದಂತೆಯೇ, ಹೊಡೆ ಎಂದು ಕರೆಯುತ್ತ ಕೂತಿತ್ತು.

"ಚೆನ್ನಾಗಿದೆ" ಎಂದು ಅವನೂ ಕೂಗಿದ.

ಆ ಹೊಡೆತದಂಥ ಹೊಡೆತವನ್ನು ಅವನು ಹಿಂದೆಂದೂ ಹೊಡೆದಿರಲಿಲ್ಲ. ಕೈಗೆ ಏನೂ ತಾಗಲೇ ಇಲ್ಲ. ಚೆಂಡು ಕಾಂಡಗಳ ನಡುವಿನಿಂದ ಹೊರಬಿದ್ದು, ಬಿಸಿಲಿಗೆ ಏರಿ, ನೀರಿನ ಮೇಲೆ ಹಾದು, ಬಾವುಟದ ಪಕ್ಕ ಒಮ್ಮೆ ಪುಟಿದು ನಿಂತಿತು. ಹೊರಗೆ ಕೂಗು ಎದ್ದಿತು. ಟೈರಿನವನೂ ಚಪ್ಪಾಳೆ ತಟ್ಟುತ್ತಿದ್ದ. ಮರಗಳಿಂದ ಹೊರಬಂದಾಗ ಹೆಂಡತಿ ಓಡಿ ಬಂದು ಅವನ ಎರಡೂ ತೋಳು ಹಿಡಿದುಕೊಂಡಳು. ಎಷ್ಟು ಕಾಲದ ಮೇಲೆ! ಅವಳ ಕಣ್ಣಲ್ಲಿ ನೀರು ಇತ್ತು. "ಎಲ್ಲಿಟ್ಟಿದ್ರಿ ಇದನ್ನ ಇಷ್ಟು ದಿನ?" ಎಂದಳು. ಅವನು ಬಾಯಿ ತೆರೆದ. ಹೇಳಬೇಕಾದ ಗಳಿಗೆ ಅದೇ ಎಂದು ಅವನಿಗೆ ಗೊತ್ತಿತ್ತು. ಅವಳ ಕೈಗಳ ಬಿಸಿ ತೋಳಿನ ಮೇಲಿತ್ತು, ಅದು ಇನ್ನೊಂದು ಚೂರು ಹೊತ್ತು ಇರಲಿ ಅನ್ನಿಸಿತು. ಆ ಕುಳಿ ಅವರದಾಯಿತು. ಉಳಿದೆರಡೂ ಸಮವಾದವು. ಪಂದ್ಯ ಗೆದ್ದರು.

ಬಹುಮಾನ ಕೊಡುವ ಕೋಣೆ ತಗ್ಗು ಮಾಡಿನದು. ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಚಹಾದ ಡ್ರಮ್ಮು, ಗೋಡೆಯ ತುಂಬ ಹಳೆಯ ಗೆಲುವಿನ ಫೋಟೋಗಳು. ಎಲ್ಲರಿಗೂ ಕೇಳಿಸುವಷ್ಟು ಸಣ್ಣ ಕೋಣೆಯಲ್ಲೂ ಕ್ಲಬ್ಬಿನ ಕಾರ್ಯದರ್ಶಿ ಮೈಕು ಹಿಡಿದಿದ್ದರು. ಹೆಂಡತಿಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಅವಳು ಊರು ಬಿಟ್ಟು ಹೋಗುತ್ತಿರುವುದು ಅವರಿಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. "ನಮ್ಮ ಜಿಗಣೆ ಇನ್ನು ಬೇರೆ ಊರಿನವರ ರಕ್ತ ಹೀರ್ತಾರೆ" ಎಂದಾಗ ನಗು ಎದ್ದಿತು. ಆಮೇಲೆ ಅವನತ್ತ ತಿರುಗಿ, ಮೈಕನ್ನು ಕೈಯಿಂದ ಮುಚ್ಚಿಕೊಂಡು ಅವಳನ್ನು ಏನೋ ಕೇಳಿ, ಉತ್ತರ ಕೇಳಿಸದೇ ಹೋಯಿತೋ ಏನೋ, "ಜೊತೆಗೆ ಆಡಿದವರು ಮೇಡಂ ಅವರ ಯಜಮಾನರು" ಎಂದುಬಿಟ್ಟರು. ಯಜಮಾನ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಅವನ ಭುಜದ ಮೇಲಿಂದ ಹಾದು ಅವಳತ್ತ ಹೋಗುತ್ತಿತ್ತು. ಅವಳು ಕಪ್ಪನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಿಂತಿದ್ದಳು, ತನ್ನ ಹುಡುಗಿತನದಲ್ಲಿ ಹೇಗಿದ್ದಿರಬಹುದೋ ಹಾಗೆ.

"ಕೆರೆ ಪಕ್ಕದ ಕುಳಿಯಲ್ಲಿ ನಾನು ಚೆಂಡನ್ನ ಕಾಲಿನಿಂದ ಸರಿಸಿದೆ" ಎಂದು ಅವನು ಹೇಳಿದ.

ಚಪ್ಪಾಳೆ ನಿಂತದ್ದು ಒಂದೇ ಸಲಕ್ಕಲ್ಲ. ಹಿಂದಿನವರಿಗೆ ಕೇಳಿಸಿರಲಿಲ್ಲ, ಅವರದು ಇನ್ನೂ ಸ್ವಲ್ಪ ಹೊತ್ತು ನಡೆಯಿತು. "ಏನಂದ್ರಿ?" ಎಂದು ಕಾರ್ಯದರ್ಶಿ ಮೈಕನ್ನು ಅವನ ಬಾಯಿಗೆ ಹಿಡಿದರು. ಎರಡನೆಯ ಸಲ ಹೇಳಿದಾಗ ದನಿ ಇನ್ನೂ ಸ್ಪಷ್ಟವಾಗಿತ್ತು, ಅದನ್ನು ಅವನೇ ಗಮನಿಸಿದ. ಹಲ್ಲಿನ ಡಾಕ್ಟರು ಎದ್ದು, "ಅಯ್ಯೋ, ಹೋಗ್ಲಿ ಬಿಡಿ, ಆಟ ತಾನೇ. ಎಷ್ಟು ಸರಿಸಿದ್ರಿ?" ಎಂದರು. "ಒಂದು ಗೇಣು." "ಗೇಣು ಏನು ಮಹಾ!" ಕಾರ್ಯದರ್ಶಿ ತಲೆ ಕೆರೆದುಕೊಂಡರು. ಹಾಗೆ ಸರಿಸಿದರೆ ಆ ಕುಳಿ ಹೋಯಿತು, ಕುಳಿ ಹೋದರೆ ಪಂದ್ಯವೇ ಹೋಯಿತು, ತಾವೇನು ಮಾಡುವುದು ಎಂದರು. ಹೆಂಡತಿ ಯಾರ ಮುಖವನ್ನೂ ನೋಡದೆ ನಡೆದು ಹೋಗಿ ಕಪ್ಪನ್ನು ಹಲ್ಲಿನ ಡಾಕ್ಟರ ಕೈಗೆ ಇಟ್ಟಳು. "ತಗೊಳ್ಳಿ ಅಕ್ಕ. ಇದು ನಿಮ್ಮದು."

ಆಮೇಲೆ ಆದದ್ದು ಅವನು ಎಣಿಸಿಯೇ ಇರದದ್ದು. ಜನ ಅವನ ಸುತ್ತ ಸೇರಿಕೊಂಡರು. ಗುರುತಿಲ್ಲದವರು ಕೈ ಕುಲುಕಿದರು. ಈ ಕಾಲದಲ್ಲಿ ಇಂಥವರು ಎಲ್ಲಿ ಸಿಗ್ತಾರೆ ಎಂದು ಯಾರೋ ಅಂದರು. ಟೈರಿನವನು ಗಂಭೀರನಾಗಿ, "ಭಾವ, ನಿಮ್ಮ ಹತ್ರ ಕಲಿಯೋದು ಇದೆ" ಎಂದ. ಕೋಚ್ ಅವನ ಬೆನ್ನು ಸವರಿ, "ಇವತ್ತು ನಿಜವಾಗಿ ಆಡಿದ್ರಿ ಸಾರ್" ಎಂದ. ಕಾರ್ಯದರ್ಶಿ ಈಗ ಅವನ ಹೆಸರು ಕೇಳಿ, ಮೈಕಿನಲ್ಲಿ ಸರಿಯಾಗಿ ಉಚ್ಚರಿಸಿದರು. ಮತ್ತೆ ಚಪ್ಪಾಳೆ ಬಿತ್ತು, ಈ ಸಲ ಅವನಿಗೇ. ಅವನಿಗೆ ನಾಚಿಕೆಯಾಗುತ್ತಿತ್ತು. ಹಿತವಾಗಿಯೂ ಇತ್ತು. ಎರಡೂ ಒಂದೇ ಜಾಗದಲ್ಲಿ, ಒಂದರ ಮೇಲೊಂದು, ಬಿಡಿಸಲಾಗದ ಹಾಗೆ. ಕಿಟಕಿಯಾಚೆ ಹೆಂಡತಿ ಅಂಗಳದ ನಲ್ಲಿಯ ಕೆಳಗೆ ತನ್ನ ಬೂಟು ತೊಳೆಯುತ್ತಿದ್ದಳು. ಒಂದೇ ಬೂಟನ್ನು ತಿರುಗಿಸಿ ತಿರುಗಿಸಿ ತೊಳೆಯುತ್ತಿದ್ದಳು.

ಕಾರು ಅವಳೇ ಓಡಿಸಿದಳು. ಮುಚ್ಚಿದ ಪೆಟ್ರೋಲ್ ಬಂಕಿನ ಎದುರು, ಏಕಾಏಕಿ, ಪಕ್ಕಕ್ಕೆ ಎಳೆದು ನಿಲ್ಲಿಸಿದಳು. ಇಂಜಿನ್ ಆರಿಸಲಿಲ್ಲ.

"ಯಾಕೆ ಹೇಳಿದ್ರಿ?"

"ಹೇಳಬೇಕಿತ್ತಲ್ಲ."

"ಹೇಳಬೇಕಿತ್ತು. ಮರದ ಕೆಳಗೇ ಹೇಳಬೇಕಿತ್ತು. ಚೆಂಡು ಹೆಂಗಿದೆ ಅಂತ ಕೇಳಿದೆ. ಚೆನ್ನಾಗಿದೆ ಅಂದ್ರಿ. ನಾನು ಬಂದು ತಬ್ಬಿಕೊಳ್ಳೋ ಹಾಗೆ ನಿಂತೆ, ಆಗ ಹೇಳಬಹುದಿತ್ತು. ಸೋತಿದ್ರೂ ಸರಿ, ಇಬ್ಬರೂ ಒಟ್ಟಿಗೆ ಸೋಲ್ತಿದ್ವಿ." ಅವಳು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ನಾನು ಒಂದು ಮಾತು ಕೇಳಿ ಎಷ್ಟು ದಿನ ಆಯ್ತು? ಅದಕ್ಕೆ ಬಾಯಿ ಬರಲಿಲ್ಲ. ಅಷ್ಟು ಜನರ ಮುಂದೆ ಬಂತು. ಯಾರಿಗೆ ಹೇಳಿದೆ ನೀನು ಅದನ್ನ? ನನಗಂತೂ ಅಲ್ಲ."

ನೀನು. ಅವನು ಆ ಒಂದು ಶಬ್ದದ ಹತ್ತಿರ ನಿಂತುಬಿಟ್ಟ, ಮುಂದಿನದು ಕೇಳಿಸಿಯೂ ಕೇಳಿಸದಂತಾಯಿತು. ಮದುವೆಯಾದಾಗಿನಿಂದ ಅವಳು ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಜ್ವರದಲ್ಲಿ ಬಡಬಡಿಸಿದಾಗಲೂ ಇಲ್ಲ, ಜಗಳದ ತುತ್ತತುದಿಯಲ್ಲೂ ಇಲ್ಲ. ಅವಳು ನೀನು ಅನ್ನುತ್ತಿದ್ದುದು ತನ್ನ ತಮ್ಮನಿಗೆ, ಬೀದಿಯ ನಾಯಿಗೆ, ಮಹಡಿ ನಡುವೆ ಕೆಟ್ಟು ನಿಂತ ಲಿಫ್ಟುಗಳಿಗೆ. ಅವಳ ಕಂಪನಿ ಲಿಫ್ಟು ಕೂರಿಸುವ ಕಂಪನಿ. ಕೆಟ್ಟದ್ದನ್ನು ನೋಡಲು ಹೋದಾಗ ಅದರ ಬಾಗಿಲು ತಟ್ಟಿ, ಏನಾಯ್ತೋ ನಿನಗೆ ಅನ್ನುತ್ತಿದ್ದಳು. ದೇವರಿಗೂ ಜನ ನೀನು ಎಂದೇ ಅನ್ನುತ್ತಾರೆ. ತನ್ನನ್ನು ಈಗ ಅವಳು ಎಲ್ಲಿಗೆ ಇಳಿಸಿದಳು, ಅಥವಾ ಎಷ್ಟು ಹತ್ತಿರಕ್ಕೆ ಎಳೆದುಕೊಂಡಳು?

"ಗೊತ್ತಿಲ್ಲ" ಎಂದ. ಮಾತು ತಾನಾಗಿಯೇ ಬರುತ್ತಿತ್ತು, ಯಾವುದೂ ಕಟ್ಟಿಟ್ಟುಕೊಂಡದ್ದಲ್ಲ. "ಅವರೆಲ್ಲ ನಿನಗೆ ಚಪ್ಪಾಳೆ ಹೊಡೀತಿದ್ರು. ನನಗೆ ತಡ್ಕೊಳ್ಳಕ್ಕೆ ಆಗಲಿಲ್ಲ ಅನ್ಸುತ್ತೆ."

"ಅನ್ಸುತ್ತಾ?"

"ಮೋಸ ಮಾಡಿದ್ದು ಚುಚ್ತಾ ಇತ್ತು, ಅದೂ ಸುಳ್ಳಲ್ಲ. ನೀನು ಗೆದ್ದದ್ದಕ್ಕೆ ಹೊಟ್ಟೆ ಉರೀತು, ಅದೂ ಸುಳ್ಳಲ್ಲ. ಯಾವುದು ಎಷ್ಟು ಅಂತ ನನಗೇ ತಿಳೀತಾ ಇಲ್ಲ. ಆಮೇಲೆ ಅವರು ಹೊಗಳಿದಾಗ ಖುಷಿನೂ ಆಯ್ತು."

ಅವಳು ಅವನನ್ನೇ ನೋಡಿದಳು. ಬೈಯುತ್ತಾಳೆಂದುಕೊಂಡ. ಅಳುತ್ತಾಳೆಂದುಕೊಂಡ. ಅವಳ ಮುಖದಲ್ಲಿ ಇದ್ದದ್ದು ಅವೆರಡೂ ಅಲ್ಲ. ಯಾವುದೋ ಯಂತ್ರದ ಮುಚ್ಚಳ ಕೊನೆಗೂ ಬಿಚ್ಚಿಕೊಂಡಾಗ ಒಳಗೆ ಬಗ್ಗಿ ನೋಡುವವರ ಮುಖ ಅದು.

"ಬರೋದು?" ಎಂದು ಕೇಳಿದಳು.

"ಅದೂ ಗೊತ್ತಿಲ್ಲ. ಬಂದ್ರೆ ಅಲ್ಲೂ ನಾನು ಮೇಡಂ ಅವರ ಯಜಮಾನ. ಬರದಿದ್ರೆ ಇಲ್ಲಿ ಯಾರ ಏನು ಅಂತ ಗೊತ್ತಿಲ್ಲ. ಭಯ ಆಗುತ್ತೆ."

"ಇಷ್ಟನ್ನ ಅವತ್ತೇ ಅಂದಿದ್ದಿದ್ರೆ" ಎಂದಳು ಅವಳು, ಗೇರ್ ಹಾಕುತ್ತ, "ನಾನು ನಾಲ್ಕು ದಿನ ನೆಮ್ಮದಿಯಾಗಿ ನಿದ್ದೆನಾದ್ರೂ ಮಾಡ್ತಿದ್ದೆ."

ಮನೆ ಮುಟ್ಟುವ ಹೊತ್ತಿಗೆ ಅವಳು ಮತ್ತೆ ನೀವು ಅನ್ನತೊಡಗಿದ್ದಳು. ಕೀಲಿ ನಿಮ್ಮ ಹತ್ರ ಇದೆಯಾ. ನೀವು ಮೊದಲು ಸ್ನಾನ ಮಾಡಿ. ಆ ಬಹುವಚನ ಅವನಿಗೆ ಹೊಸದಾಗಿ, ಇಸ್ತ್ರಿ ಮಾಡಿ ಮಡಿಸಿಟ್ಟಂತೆ ಕೇಳಿಸಿತು. ಹೋಗುವ ದಿನದವರೆಗೂ ಅವಳು ಅದನ್ನು ಬಿಡಲಿಲ್ಲ. ಅವನು ಅವಳ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿಸಿದ, ಪಾತ್ರೆಗಳಲ್ಲಿ ಅರ್ಧ ಅವಳ ಕಡೆ ಇಟ್ಟ. ಅರ್ಧ ಎಂದರೆ ಯಾವುದು ಎಂದು ದೊಡ್ಡ ಬಾಣಲೆಯ ಮುಂದೆ ಬಹಳ ಹೊತ್ತು ಕೂತ. ಪ್ರಶ್ನೆಯನ್ನು ಅವಳು ಮತ್ತೆ ಕೇಳಲಿಲ್ಲ. ರೈಲು ಹೊರಟಾಗ ಅವಳು ಕಿಟಕಿಯಿಂದ, "ಗ್ಯಾಸ್ ಆಫ್ ಮಾಡೋದು ಮರೀಬೇಡಿ" ಎಂದಳು.

ಅವಳು ಹೋದ ಮೇಲೆ ಅವನು ಚಾಪೆಯ ಕಡೆಗೆ ಹೋಗುವುದು ತಾನಾಗಿ ಕಡಿಮೆಯಾಯಿತು. ಅದೊಂದು ನಿರ್ಧಾರ ಅಂತೇನಲ್ಲ. ಬೆಳಿಗ್ಗೆ ಡ್ಯೂಟಿಗೆ ಮುಂಚೆ ಕೋರ್ಸಿಗೆ ಹೋಗಿ ಒಬ್ಬನೇ ಕೆಲವು ಕುಳಿ ಆಡುತ್ತಿದ್ದ, ಕೆಟ್ಟದಾಗಿ ಆಡುತ್ತಿದ್ದ. ಕೆಟ್ಟದ್ದನ್ನು ಸಂಜೆ ಕೋಚಿಗೆ ಹೇಳುತ್ತಿದ್ದ, ಕೋಚ್ ಅದೊಂದನ್ನೇ ತಿದ್ದಿ ಮನೆಗೆ ಕಳಿಸುತ್ತಿದ್ದ. "ಇನ್ನೊಂದು ಬುಟ್ಟಿ?" ಎಂದರೆ, "ಸಾಕು ಸಾರ್, ನಾಳೆ ಅಲ್ಲಿ" ಎನ್ನುತ್ತಿದ್ದ. ಆಸ್ಪತ್ರೆಯಲ್ಲಿ ಒಂದು ದಿನ ಒಬ್ಬ ಮುದುಕ ಗುಂಡಿ ಹಾಕಿಕೊಳ್ಳುತ್ತ ಏನಾದ್ರೂ ಇದೆಯಾ ಎಂದಾಗ, ಅವನು ಎಂದಿನಂತೆ ಡಾಕ್ಟರ್ ಹೇಳ್ತಾರೆ ಎಂದು, ಆಮೇಲೆ, "ಭಯ ಆಗ್ತಿದೆಯಾ?" ಎಂದು ಕೇಳಿದ. ಯಾಕೆ ಕೇಳಿದೆನೆಂದು ತಿಳಿಯದೆ ತಾನೇ ಗಲಿಬಿಲಿಗೊಂಡ. ಮುದುಕ ಹೌದು ಎಂದು, ಸ್ವಲ್ಪ ಹೊತ್ತು ಅಲ್ಲೇ ಕೂತು, ಎದ್ದು ಹೋದ.

ಒಂದು ಶುಕ್ರವಾರ ಅವಳಿಗೆ ಫೋನು ಮಾಡದೆ ರೈಲು ಹತ್ತಿದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಳ್ಳಲು ನೋಡಿದ. ವಾಕ್ಯಗಳು ಅರ್ಧಕ್ಕೆ ಬಂದು ಕಳಚಿಹೋಗುತ್ತಿದ್ದವು. ಎದುರಿನ ಸೀಟಿನ ಅಜ್ಜಿ, "ಎಲ್ಲಿಗಪ್ಪಾ?" ಎಂದು ಕೇಳಿದರು. "ಹೆಂಡತಿ ಮನೆಗೆ." "ಅತ್ತೆ ಮಾವ ಚೆನ್ನಾಗಿದಾರಾ?" "ಅವರು ಅಲ್ಲಿಲ್ಲ. ಹೆಂಡತಿ ಮಾತ್ರ ಇದಾಳೆ." ಅಜ್ಜಿ ಅವನನ್ನು ಒಂದು ಗಳಿಗೆ ದಿಟ್ಟಿಸಿ, ಅರ್ಥವಾಗದೆ, ಅಥವಾ ಅರ್ಥವಾಗಿ, ಒಂದು ಕಿತ್ತಳೆ ಸುಲಿದು ಅರ್ಧ ಕೈಗೆ ಕೊಟ್ಟರು.

ಸಂಜೆ ಅವಳ ಮನೆ ಹುಡುಕಿ ಬೆಲ್ ಒತ್ತಿದ. ಬಾಗಿಲು ತೆರೆದಾಗ ಅವಳ ಕೈಗೆ ಸಾಬೂನಿನ ನೊರೆ ಮೆತ್ತಿತ್ತು, ಕೂದಲು ಮೇಲಕ್ಕೆ ಕಟ್ಟಿತ್ತು. ನೋಡಿದಳು. ಆಶ್ಚರ್ಯಪಟ್ಟಳೋ, ಕಾಯುತ್ತಿದ್ದಳೋ, ದಣಿದಿದ್ದಳೋ, ಅವನಿಗೆ ತಿಳಿಯಲಿಲ್ಲ.

"ಬಂದ್ಯಾ" ಎಂದಳು.

ಬಂದ್ರಾ ಅನ್ನಲಿಲ್ಲ. ಅಷ್ಟು ಹೇಳಿ, ಬಾಗಿಲು ಹಾಗೇ ಬಿಟ್ಟು ಒಳಗೆ ಹೋದಳು. ಆ ಶಬ್ದ ಬೈಗುಳವೋ, ತಾತ್ಸಾರವೋ, ಕರೆಯೋ ಎಂದು ಅವನು ಹೊಸ್ತಿಲಲ್ಲೇ ನಿಂತು ಯೋಚಿಸಿದ. ದಾರಿಯುದ್ದಕ್ಕೂ ಯೋಚಿಸಿದ್ದು ಒಂದೂ ನೆನಪಿಗೆ ಬರಲಿಲ್ಲ. ಹಜಾರದ ದೀಪದ ಸುತ್ತ ಸಣ್ಣ ಹುಳುಗಳು ಹಾರುತ್ತಿದ್ದವು. ಒಳಗೆ ನಲ್ಲಿ ಬಿಟ್ಟ ಸದ್ದು, ಪಾತ್ರೆಯ ಸದ್ದು.

"ಬಾಗಿಲು ಹಾಕು, ಸೊಳ್ಳೆ ಬರ್ತವೆ" ಎಂದು ಅವಳು ಅಲ್ಲಿಂದಲೇ ಕೂಗಿದಳು.

ಅವನು ಒಳಕ್ಕೆ ಕಾಲಿಟ್ಟು, ಬಾಗಿಲು ಹಾಕಿದ.